ಐದು ಮನೆಯ ಗೋಡೆಗೆ ಒಬ್ಬಳೇ ತಾಯಿ

ಜಮೀನು ಹೋದ ಮೇಲೆ ಬೈರಸಂದ್ರದವರಿಗೆ ಮೊಟ್ಟಮೊದಲು ಬೇಕಾಗಿ ಬಂದದ್ದು ಹೆತ್ತವರು. ಜಮೀನು ಇದ್ದಷ್ಟು ದಿನ ಸತ್ತವರಿಂದ ಯಾರಿಗೂ ಹೆಚ್ಚಿನ ತಾಪತ್ರಯ ಇರಲಿಲ್ಲ. ಹೊಲದ ಬದುವಿನಲ್ಲೇ ಮಣ್ಣು ಮಾಡಿ, ತಲೆ ಕಡೆಗೊಂದು ಕಲ್ಲು ನೆಟ್ಟು, ವರ್ಷಕ್ಕೊಂದು ಸಲ ಅದಕ್ಕೆ ಅರಿಸಿನ ಕುಂಕುಮ ಇಟ್ಟರೆ ಮುಗಿಯುತ್ತಿತ್ತು. ಆಮೇಲೆ ಊರ ಪಕ್ಕಕ್ಕೆ ಜಯನಗರ ಬಡಾವಣೆ ಬಂತು. ಹೊಲದ ಮೇಲೆ ಸುಣ್ಣದ ಗೆರೆ ಎಳೆದರು. ಬದುವಿನ ಕಲ್ಲುಗಳು ಯಾರ್ಯಾರದೋ ಕಾಂಪೌಂಡಿನ ಪಾಯಕ್ಕೆ ಇಳಿದವು. ಪರಿಹಾರ ಸಿಕ್ಕಿದವರು ನಾಡಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದರು. ಪಡಸಾಲೆ ಹೋಗಿ ಹಾಲ್ ಆಯಿತು. ಆ ಕಡೆ ಬಡಾವಣೆಯ ಹೊಸ ಮನೆಗಳ ಹಾಲಿನಲ್ಲಿ ಜರಿಪೇಟದ ತಾತ, ಮೂಗುಬಟ್ಟಿನ ಅಜ್ಜಿ, ಇಬ್ಬರೂ ಫೋಟೋ ಕಟ್ಟಿನೊಳಗೆ ಕೂತು ಬಂದವರನ್ನು ನೋಡುತ್ತಿದ್ದರು. ಬೈರಸಂದ್ರದ ಹಾಲಿನಲ್ಲಿ ಮೊಳೆ ಇತ್ತು, ಮೊಳೆಗೆ ತಗುಲಿಹಾಕಲು ಅಜ್ಜಿ ಇರಲಿಲ್ಲ. ಕಳೆ ಕೀಳುತ್ತಿದ್ದವಳನ್ನು ನಿಲ್ಲಿಸಿ ಫೋಟೋ ಹಿಡಿಯುವ ಯೋಚನೆ ಆ ಕಾಲದಲ್ಲಿ ಯಾರಿಗೆ ಬಂದಿತ್ತು?

ತಿಮ್ಮರಾಯಿ ಚಿತ್ರಗಾರನಾದದ್ದು ಹೀಗೆ ಖಾಲಿ ಉಳಿದ ಮೊಳೆಗಳಿಂದ.

ಅವನ ಪೂರ್ತಿ ಹೆಸರು ತಿಮ್ಮರಾಯಪ್ಪ. ಆ ಪೂರ್ತಿ ಹೆಸರನ್ನು ಶಾಲೆಯ ಹಾಜರಿ ಪುಸ್ತಕ ಬಿಟ್ಟರೆ ಇನ್ನೆಲ್ಲೂ ಯಾರೂ ಬಳಸಿರಲಿಲ್ಲ. ಅವನಪ್ಪ ಇಪ್ಪತ್ತೆರಡು ವರ್ಷ ಚಿಕ್ಕಬೈರಪ್ಪನ ಹೊಲವನ್ನು ವಾರಕ್ಕೆ, ಬೆಳೆಯಲ್ಲಿ ಅರ್ಧ ಪಾಲು ಕೊಟ್ಟು, ಉತ್ತಿದ್ದ. ಪರಿಹಾರ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ; ಉತ್ತವನ ಹೆಸರು ಪಹಣಿಯಲ್ಲಿ ಇರಲಿಲ್ಲ, ಅವನು ಅದನ್ನು ನೋಡಲು ಉಳಿಯಲೂ ಇಲ್ಲ. ತಾಯಿ ಮುನಿವೆಂಕಟಮ್ಮ ಸೊಪ್ಪಿನ ಬುಟ್ಟಿ ತಲೆಯ ಮೇಲೆ ಹೊತ್ತಳು. ಬೆಳಿಗ್ಗೆ ಹೊಸಕೆರೆಹಳ್ಳಿಯ ತೋಟದಿಂದ ದಂಟು, ಹರಿವೆ, ಸಬ್ಬಸಿಗೆ ತಂದು, ಮೊದಲು ಊರ ಬೀದಿಯಲ್ಲಿ, ಆಮೇಲೆ ನಾಲ್ಕನೇ ಬ್ಲಾಕಿನ ಕಡೆ ಕೂಗುತ್ತಾ ಹೋಗುತ್ತಿದ್ದಳು. ತಾನು ಹಿಂದೆ ನಾಟಿ ಹಾಕಿದ್ದ ನೆಲದ ಮೇಲೆ ಎದ್ದ ಮನೆಗಳಿಗೇ ಸೊಪ್ಪು ಮಾರುತ್ತಿದ್ದಳು. ಆ ಮನೆಯವರು ಕಟ್ಟು ಬಿಚ್ಚಿ ಎಲೆ ಎಣಿಸುತ್ತಿದ್ದರು.

ತಿಮ್ಮರಾಯಿ ಗಾಂಧಿಬಜಾರಿನ ಸೇತುರಾಮರ ಫೋಟೋ ಸ್ಟುಡಿಯೋದಲ್ಲಿ ಎಂಟು ವರ್ಷ ಇದ್ದ. ದೊಡ್ಡದು ಮಾಡಿದ ಕಪ್ಪುಬಿಳುಪು ಫೋಟೋಗೆ ಬಣ್ಣ ತುಂಬುವುದು ಅವನ ಕೆಲಸ. ಅಲ್ಲಿಗೆ ಬರುವವರೆಲ್ಲ ಕಪ್ಪಗೆ ಬಂದು ಕೆಂಪಗೆ ಹೋಗುತ್ತಿದ್ದರು. ಒಂದು ದಿನ ಸೇತುರಾಮರ ಮುಂದೆ ಹೋಗಿ ಕೇಳಿದ.

"ಸಾರ್, ಮೂಲೇಲಿ ಸಣ್ಣದಾಗಿ ನನ್ನ ಹೆಸರು ಹಾಕ್ಕೊಳ್ಲಾ?"

ಸೇತುರಾಮರು ಕನ್ನಡಕದ ಮೇಲಿನಿಂದ ನೋಡಿದರು. "ಯಾಕಯ್ಯ, ಆ ಕೆನ್ನೆ ನಿಂದಾ?"

"ಕೆನ್ನೆ ಅವರದೇ ಸಾರ್. ಕೆಂಪು ನಂದು."

"ಕೆಂಪು ಬಣ್ಣ ಸ್ಟುಡಿಯೋದು. ಬ್ರಷ್ ಸ್ಟುಡಿಯೋದು. ಕುರ್ಚಿ ಸ್ಟುಡಿಯೋದು. ನೀನು ಮನೆಯಿಂದ ತರೋದು ಕೈ ಒಂದೇ. ಅದನ್ನ ಸಾಯಂಕಾಲ ವಾಪಸ್ ತಗೊಂಡೇ ಹೋಗ್ತೀಯಲ್ಲ."

ಮಾತಿನಲ್ಲಿ ಸೇತುರಾಮರನ್ನು ಗೆದ್ದವರಿಲ್ಲ. ತಿಮ್ಮರಾಯಿ ಅರವತ್ತನೇ ಇಸವಿಯ ಯುಗಾದಿ ಕಳೆದ ಮೇಲೆ ಆ ಕೈಯನ್ನು ವಾಪಸ್ ತಂದವನು ಮತ್ತೆ ಒಯ್ಯಲಿಲ್ಲ. ಮನೆಯ ಮುಂದೆ ತಗಡಿನ ಮೇಲೆ ಬಿಳಿ ಅಕ್ಷರದಲ್ಲಿ ಬರೆದು ತೂಗುಹಾಕಿದ: ತಿಮ್ಮರಾಯಪ್ಪ, ಚಿತ್ರಕಲಾವಿದರು. ಊರಿನವರು ನಿಂತು ಓದಿ, ಯಾರಪ್ಪ ಇವರು, ಹೊಸಬರು ಬಾಡಿಗೆಗೆ ಬಂದಿದ್ದಾರಾ ಎಂದು ಮುನಿವೆಂಕಟಮ್ಮನನ್ನೇ ಕೇಳಿದರು.

ಅವನಿಗೆ ಬೇಕಿದ್ದದ್ದು ಒಂದೇ. ತಾನು ಬರೆದದ್ದೊಂದು ಗೋಡೆಯ ಮೇಲೆ ಇರಬೇಕು, ಅದರ ಕೆಳಗೆ ತನ್ನ ಹೆಸರು ಇರಬೇಕು, ಅದನ್ನು ಯಾರಾದರೂ ಓದಬೇಕು. ಮೂವತ್ತರ ಹತ್ತಿರ ಬಂದವನಿಗೆ ಇದು ದುರಾಸೆ ಎನ್ನುವವರು ತಮ್ಮ ಗೇಟಿನ ಮೇಲೆ ಏನು ಕೆತ್ತಿಸಿದ್ದಾರೆಂದು ಒಂದು ಸಲ ನೋಡಿಕೊಳ್ಳಲಿ.

ಮೊದಲ ಗಿರಾಕಿಯಾಗಿ ಚಿಕ್ಕಬೈರಪ್ಪನೇ ಬಂದ. ಐವತ್ತು ದಾಟಿದ ಆಳು. ಜಮೀನು ಹೋದ ದುಃಖವನ್ನು ಎರಡು ಮಳಿಗೆ, ನಾಲ್ಕು ಬಾಡಿಗೆ ಮನೆ ಕಟ್ಟಿಸಿ ಹೇಗೋ ನುಂಗಿಕೊಂಡಿದ್ದ. ಈಗ ಮದುವೆ ಛತ್ರಕ್ಕೂ ಪಾಯ ತೋಡಿಸಿದ್ದ.

"ಏನ್ಲಾ ತಿಮ್ಮರಾಯಿ, ಬೋರ್ಡು ಹಾಕ್ಕಂಡಿದ್ದೀಯಂತೆ."

"ಹೂಂ ಅಣ್ಣ."

"ನಮ್ಮವ್ವನ್ನ ಬರಿ. ಹಾಲಿಗೆ. ಆಳುದ್ದ ಬ್ಯಾಡ, ಎದೆಮಟ್ಟ ಸಾಕು."

"ಫೋಟೋ ಐತಾ ಅಣ್ಣ?"

"ಫೋಟೋ ಇದ್ದಿದ್ರೆ ನಿನ್ ತಾವ ಯಾಕ್ಲಾ ಬತ್ತಿದ್ದೆ?"

"ಹೆಂಗಿದ್ರು?"

ಚಿಕ್ಕಬೈರಪ್ಪ ಮೇಲೆ ನೋಡಿದ. ಅವನ ತಾಯಿ ಅಕ್ಕಯಮ್ಮ ಸತ್ತದ್ದು ಹದಿನೆಂಟನೇ ಇಸವಿಯ ಆ ದೊಡ್ಡ ಜ್ವರದಲ್ಲಿ. ಆಗ ಅವನಿಗೆ ಎಂಟು ವರ್ಷ.

"ಲಕ್ಷ್ಮಿ ಇದ್ದಂಗಿದ್ಲು."

"ಮೂಗು?"

"ಮೂಗು, ಮೂಗಿದ್ದಂಗೇ ಇತ್ತು ಕಣ್ಲಾ."

"ಬಣ್ಣ?"

"ನನ್ನಷ್ಟು ಕಪ್ಪಲ್ಲ. ಕೆಂಪಗಿದ್ಲು ಅಂತ್ಲೇ ಮಡಗು. ರೇಷ್ಮೆ ಸೀರೆ ಉಡ್ಸು. ಕತ್ತಿಗೆ ಅಡ್ಡಿಗೆ ಹಾಕು, ಕಿವಿಗೆ ಓಲೆ ಹಾಕು, ಕೈತುಂಬ ಬಳೆ ಬರಿ. ಚಿನ್ನಕ್ಕೇನು ನಿಂಗೆ ಖರ್ಚೇ, ಹಳದಿ ಬಣ್ಣ ತಾನೇ."

"ಬರೀತೀನಿ. ಕೆಳಗೆ ಮೂಲೇಲಿ ನನ್ನ ಹೆಸರು ಹಾಕ್ಕೊಬೋದಾ ಅಣ್ಣ?"

ಚಿಕ್ಕಬೈರಪ್ಪನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ನಮ್ಮವ್ವನ ಮ್ಯಾಲೆ ನಿನ್ ಹೆಸರ್ಯಾಕ್ಲಾ? ಸೀರೆ ಮ್ಯಾಲೆ ನೇಯ್ದೋನ ಹೆಸರು ಇರ್ತದಾ? ಮುದ್ದೆ ಮ್ಯಾಲೆ ತೊಳಸಿದೋಳ ಹೆಸರು ಇರ್ತದಾ?" ಆಮೇಲೆ ಹುಡುಗನ ಮುಖ ಇಳಿದದ್ದು ಕಂಡು ಬೆನ್ನು ತಟ್ಟಿದ. "ಛತ್ರ ಏಳ್ಲಿ. ಬಾಗಿಲ ಎದುರಿನ ಗೋಡೆ ಪೂರ್ತಿ ಸೀತಾಕಲ್ಯಾಣ ಬರ್ಸ್ತೀನಿ. ಅಲ್ಲಿ ಹಾಕ್ಕೊ. ಮದುವೆಗೆ ಬಂದೋರೆಲ್ಲ ಓದ್ಕಂಡು ಉಣ್ಲಿ."

ತಿಮ್ಮರಾಯಿಗೆ ಅಷ್ಟೇ ಸಾಕಾಯಿತು. ಅಂದಿನಿಂದ ಛತ್ರದ ಗೋಡೆ ಎಷ್ಟು ಎದ್ದಿದೆ ಎಂದು ದಿನಾ ಹೋಗಿ ನೋಡಿ ಬರುತ್ತಿದ್ದ.

ಆದರೆ ಮೂಗಿದ್ದಂತಹ ಮೂಗನ್ನು ಬರೆಯುವುದು ಹೇಗೆ? ನಾಲ್ಕು ದಿನ ಬಿಳಿ ಹಲಗೆಯ ಮುಂದೆ ಕೂತ. ಲಕ್ಷ್ಮಿಯಂತೆ ಬರೆಯಲು ಹೋದರೆ ಕ್ಯಾಲೆಂಡರಿನ ಲಕ್ಷ್ಮಿಯೇ ಬಂದು ಕೂರುತ್ತಿದ್ದಳು. ಐದನೆಯ ದಿನ ಸೊಪ್ಪು ಮಾರಿ ಬಂದ ತಾಯಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿದ.

"ಏನ್ಲಾ ಇದು?"

"ಸುಮ್ನೆ ಕೂತ್ಕ. ಚಿಕ್ಕಬೈರಪ್ಪಣ್ಣನ ಅವ್ವನ್ನ ಬರೀಬೇಕು."

"ಅಕ್ಕಯಮ್ಮನ್ನಾ? ಅಯ್ಯೋ, ಅವಳು ನಾನು ಒಂದೇ ಸಾಲಲ್ಲಿ ನಾಟಿ..."

"ಅಮ್ಮ, ಬಾಯಿ ಮುಚ್ಕ. ತುಟಿ ಅಲ್ಲಾಡಿದ್ರೆ ಗೆರೆ ತಪ್ತದೆ."

ಮುನಿವೆಂಕಟಮ್ಮ ಬಾಯಿ ಮುಚ್ಚಿಕೊಂಡಳು. ಊರಲ್ಲಿ ಅಕ್ಕಯಮ್ಮನನ್ನು ಕಣ್ಣಾರೆ ಕಂಡು ನೆನಪಿಟ್ಟುಕೊಂಡವಳು ಆಕೆಯೊಬ್ಬಳೇ ಉಳಿದಿದ್ದಳು. ಮಗನಿಗೆ ಅವಳ ಮುಖ ಬೇಕಿತ್ತು, ಮಾತು ಬೇಕಿರಲಿಲ್ಲ. ಎಂಟು ವರ್ಷ ಸ್ಟುಡಿಯೋದಲ್ಲಿ, ಅಲ್ಲಾಡಬೇಡಿ ಎಂದು ಗಿರಾಕಿಗಳಿಗೆ ಹೇಳುವುದನ್ನು ಕೇಳಿ ಕೇಳಿ ಅಭ್ಯಾಸವಾಗಿದ್ದವನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಚಿತ್ರ ಬಂತು. ಮುನಿವೆಂಕಟಮ್ಮನ ಅಗಲ ಹಣೆ, ಒಳಗೆ ಸೇದಿದ ಕೆನ್ನೆ, ಬಿಸಿಲಿಗೆ ಕಿರಿದಾಗಿ ಕಿರಿದಾಗಿ ಹಾಗೇ ನಿಂತುಬಿಟ್ಟ ಕಣ್ಣು. ಬಣ್ಣ ಎರಡು ಪಟ್ಟು ತಿಳಿ ಮಾಡಿದ. ಸೀರೆ ಉಡಿಸಿದ, ಅಡ್ಡಿಗೆ ಹಾಕಿದ. ಅವನ ಕೈಯಲ್ಲಿ ವಿದ್ಯೆ ಇತ್ತು; ಅಷ್ಟು ಚಿನ್ನದ ಹಿಂದಿನಿಂದಲೂ ಆ ಮುಖ ಈಚೆ ನೋಡುತ್ತಿತ್ತು. ಚಿಕ್ಕಬೈರಪ್ಪ ಬಹಳ ಹೊತ್ತು ನಿಂತು ನೋಡಿ, ಶಲ್ಯದಿಂದ ಕಣ್ಣೊರೆಸಿಕೊಂಡ. "ಇವಳೇ ಕಣ್ಲಾ. ಉಸಿರಾಡೋದೊಂದು ಬಾಕಿ." ಗೋಡೆಗೆ ಹಾಕಿಸಿ, ಗಂಧದ ಹಾರ ಹಾಕಿ, ಕೆಂಪು ಝೀರೋ ಬಲ್ಬು ಉರಿಸಿದ.

ನೋಡಲು ಬಂದ ಇನ್ನೊಬ್ಬ ಜಮೀನುದಾರ ಹೇಳಿದ, "ನಮ್ಮವ್ವನೂ ಹೆಚ್ಚುಕಮ್ಮಿ ಹಿಂಗೇ ಇದ್ಲು. ಇಂಥದ್ದೇ ಒಂದು ಬರ್ಕೊಡು." ಅವನ ನಂತರ ಅವನ ಷಡ್ಡಕ. ಆಮೇಲೆ ಇನ್ನೂ ಇಬ್ಬರು. ಯಾರ ಹತ್ತಿರವೂ ಫೋಟೋ ಇರಲಿಲ್ಲ, ನೆನಪಂತೂ ಇರಲೇ ಇಲ್ಲ. ಒಬ್ಬನಿಗೆ ತಾಯಿಯ ಕಿವಿಯ ಬುಗುಡಿ ನೆನಪಿತ್ತು, ಯಾಕೆಂದರೆ ಅದಕ್ಕಾಗಿ ಅಣ್ಣತಮ್ಮಂದಿರು ಕೋರ್ಟಿಗೆ ಹೋಗಿದ್ದರು. ವರ್ಷ ತಿರುಗುವುದರೊಳಗೆ ಐದು ಮನೆಯ ಹಾಲಿನಲ್ಲಿ ಒಂದೇ ತಾಯಿ, ಐದು ಬಣ್ಣದ ಸೀರೆ. ಐದರಲ್ಲೂ ಚಿತ್ರಗಾರನ ಹೆಸರಿಲ್ಲ. ಅದೇ ಐದು ಮನೆಯ ಮುಂದೆ ದಿನಾ ಬೆಳಿಗ್ಗೆ ಮುನಿವೆಂಕಟಮ್ಮ ನಿಂತು ದಂಟು, ಹರಿವೆ ಎಂದು ಕೂಗುತ್ತಿದ್ದಳು. ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಇಷ್ಟು ವರ್ಷ ಎಲ್ಲರೂ ಬುಟ್ಟಿ ನೋಡಿದ್ದರು. ಬುಟ್ಟಿಯ ಕೆಳಗೆ ಇದ್ದದ್ದನ್ನು ನೋಡುವ ಕೆಲಸ ಯಾರಿಗೂ ಬಿದ್ದಿರಲಿಲ್ಲ.

ಮಾಲಯ ಅಮಾವಾಸ್ಯೆ ಬಂತು. ಆ ದಿನ ಹಿರಿಯರಿಗೆ ಎಡೆ ಇಡುವುದು ಆ ಕಡೆಯ ವಾಡಿಕೆ. ಸತ್ತವರು ಬದುಕಿದ್ದಾಗ ಇಷ್ಟಪಟ್ಟದ್ದೆಲ್ಲ ಬಾಳೆ ಎಲೆಯ ಮೇಲೆ ಬರಬೇಕು, ಪಕ್ಕದಲ್ಲಿ ಹೊಸ ಬಟ್ಟೆ. ಚಿಕ್ಕಬೈರಪ್ಪನ ಮನೆಯಲ್ಲಿ ಅಂದು ಜೋರು. ಬಾಡಿನ ಸಾರು, ವಡೆ, ಕಜ್ಜಾಯ, ಹೊಸ ಸೀರೆ. ಜೊತೆಗೆ ಅರೆಕೆರೆಯಿಂದ ಹೊಸ ಬೀಗರು. ಬಾಳೆ ಎಲೆ ತರುವಂತೆ ಮುನಿವೆಂಕಟಮ್ಮನಿಗೆ ಹೇಳಿದ್ದರು. ಎಂದೂ ಜಗಲಿ ದಾಟದವಳು. ಅಂದು ಒಳಗೆ ಎಲ್ಲರ ಕೈಗೂ ಕೆಲಸವಿದ್ದುದರಿಂದ ಚಿಕ್ಕಬೈರಪ್ಪನ ಹೆಂಡತಿ ನಾರಾಯಣಮ್ಮ ಅಡುಗೆಮನೆಯಿಂದಲೇ ಕೂಗಿದಳು, "ಒಳಗೇ ತಂದಿಡಕ್ಕ, ಹಾಲಲ್ಲಿ."

ಮುನಿವೆಂಕಟಮ್ಮ ಎಲೆಯ ಕಟ್ಟು ಇಳಿಸಿ ತಲೆ ಎತ್ತಿದಳು. ಎದುರಿಗೆ ತಾನೇ. ಕೊರಳಲ್ಲಿ ಗಂಧದ ಹಾರ, ಮುಂದೆ ಊದಿನಕಡ್ಡಿ. ಮಗ ತನ್ನನ್ನು ಕೂರಿಸಿ ಬರೆದದ್ದು ಗೊತ್ತಿತ್ತು. ಮುಗಿದ ಮೇಲೆ ಅದು ಹೇಗೆ ಕಾಣುತ್ತದೆಂದು ನೋಡುವ ಭಾಗ್ಯ ಬಂದಿರಲಿಲ್ಲ. ಅವಳು ನೋಡುತ್ತಾ ನಿಂತಳು.

ಬೀಗರು ಬೇರೆ ಊರಿನವರು. ಸೊಪ್ಪಿನವಳನ್ನು ನೋಡದೇ ಇರುವ ಅಭ್ಯಾಸ ಅವರಿಗೆ ಇನ್ನೂ ಆಗಿರಲಿಲ್ಲ. ಹಿರಿಯ ಬೀಗರು ಚಿತ್ರ ನೋಡಿದರು, ಮುದುಕಿಯನ್ನು ನೋಡಿದರು, ಮತ್ತೆ ಚಿತ್ರ ನೋಡಿದರು.

"ಏನ್ ಬೀಗರೇ," ಅಂದರು ತಣ್ಣಗೆ, "ನಾವಿನ್ನೂ ಎಡೆ ಇಟ್ಟಿಲ್ಲ. ನಿಮ್ಮವ್ವ ಆಗ್ಲೇ ಇಳಿದು ಬಂದವ್ರಲ್ಲ."

ಒಂದು ಮಗು ನಕ್ಕಿತು. ಯಾರೋ ಅದರ ಬಾಯಿ ಮುಚ್ಚಿದರು.

ಮುನಿವೆಂಕಟಮ್ಮ ಎಲೆಯ ಕಡೆ ತೋರಿಸಿ, "ವಡೆ ಆರೋಗ್ತಾ ಅವೆ, ಬೇಗ ಬಡಿಸ್ಕಳಿ" ಎಂದಷ್ಟೇ ಹೇಳಿ ಹೊರಗೆ ಬಂದಳು.

ಮಧ್ಯಾಹ್ನದೊಳಗೆ ಐದೂ ಮನೆಗೆ ಸುದ್ದಿ ಮುಟ್ಟಿತು. ಐದೂ ಮನೆಯವರು ಎಡೆ ಎತ್ತುವುದೋ ಬಿಡುವುದೋ ತಿಳಿಯದೆ ಸಾರು ಹಳಸಿಕೊಂಡರು. ಮಾರನೆಯ ದಿನ ಎಲ್ಲರೂ ಚಿಕ್ಕಬೈರಪ್ಪನ ಜಗಲಿಯಲ್ಲಿ ಸೇರಿ ತಿಮ್ಮರಾಯಿಯನ್ನು ಕರೆಸಿದರು. ಬದುಕಿರುವವಳಿಗೆ ಹಾರ ಹಾಕಿ ಎಡೆ ಇಟ್ಟದ್ದು ಅವಳ ಆಯುಷ್ಯಕ್ಕೆ ಕೆಡುಕು ಎಂದು ಯಾರಿಗೂ ತೋಚಲಿಲ್ಲ. ಸೊಪ್ಪು ಮಾರುವವಳಿಗೆ ತಾವು ಅಡ್ಡಬಿದ್ದೆವಲ್ಲ ಎಂಬುದೇ ಎಲ್ಲರ ಸಂಕಟ.

ಬಯ್ಯುವುದೆಲ್ಲ ಮುಗಿದ ಮೇಲೆ ಚಿಕ್ಕಬೈರಪ್ಪ ಸಮಾಧಾನದ ದಾರಿ ಹುಡುಕಿದ. ವ್ಯವಹಾರ ಗೊತ್ತಿದ್ದವನು.

"ಚಿತ್ರ ಚೆನ್ನಾಗೈತೆ. ಕಟ್ಟು ತೇಗದ್ದು. ಅದನ್ನ ಯಾಕೆ ಇಳಿಸ್ಬೇಕು? ನಿಮ್ಮಮ್ಮ ಈ ಬೀದಿಗೆ ಬರ್ದಿದ್ರೆ ಆಯ್ತಪ್ಪ. ಬಸವನಗುಡಿ ಕಡೆ ಮಾರ್ಕೊಳ್ಲಿ. ಈ ಕಡೆ, ನಾಲ್ಕನೇ ಬ್ಲಾಕಿನ ಕಡೆ ತಲೆ ಹಾಕೋದು ಬ್ಯಾಡ. ಆರು ತಿಂಗಳಾದ್ರೆ ಜನ ಮರೀತಾರೆ."

"ಅಣ್ಣ, ಇದೇ ಊರಲ್ಲಿ ಅವಳ ಮನೆ..."

"ಹಿತ್ತಲ ಕಡೆ ಓಣಿ ಇಲ್ವಾ? ಛತ್ರದ ಗೋಡೆಗೆ ಗಾರೆ ಆಯ್ತು. ಸೋಮವಾರ ಶುರು ಹಚ್ಕೊ. ನಿನ್ ಹೆಸರು ಬರ್ಕೊ. ನಾನು ಮಾತಿಗೆ ತಪ್ಪೋನಲ್ಲ."

ತಿಮ್ಮರಾಯಿ ಮನೆಗೆ ಹೋಗುವ ದಾರಿಯಲ್ಲಿ ಛತ್ರದೊಳಗೆ ಹೊಕ್ಕ. ಗೋಡೆ ಹಸಿ ಹಸಿಯಾಗಿ, ನುಣುಪಾಗಿ ನಿಂತಿತ್ತು. ಅಷ್ಟು ದೊಡ್ಡ ಬಿಳುಪನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಕೆಳಗೆ ಬಲಗಡೆ ಹೆಸರು ಎಲ್ಲಿ ಬರುತ್ತದೆಂದು ಬೆರಳಿನಿಂದ ಅಳೆದ. ಅಳೆದವನು ಮನೆಗೆ ಬಂದು, ತಾಯಿಯ ಮುಖ ನೋಡದೆ, ಗೋಡೆಯ ಕಡೆ ತಿರುಗಿ ಎಲ್ಲವನ್ನೂ ಹೇಳಿದ. ಆರೇ ತಿಂಗಳು ಎಂಬುದನ್ನು ಎರಡು ಸಲ ಹೇಳಿದ.

ಮುನಿವೆಂಕಟಮ್ಮ ಮೆಂತ್ಯದ ಬೇರು ಕತ್ತರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಹೊಲಕ್ಕೆ ಬರ್ಬೇಡ ಅಂದ್ರು, ಬಿಟ್ಟೆ. ಅದು ಅವರ್ದು. ಬೀದಿ ಯಾರ್ದು?"

"ಅದಲ್ಲಮ್ಮ..."

"ಐದು ಮನೇಲಿ ಸತ್ತಿದೀನಿ ಕಣ್ಲಾ ಮಗ. ಬೀದೀಲಾದ್ರೂ ಬದುಕಿರ್ತೀನಿ."

ಮರುದಿನ ಎಂದಿನ ಹೊತ್ತಿಗೆ ಅವಳು ಅದೇ ಬೀದಿಯಲ್ಲಿ ದಂಟು, ಹರಿವೆ ಎಂದು ಕೂಗಿದಳು. ಕಿಟಕಿಗಳು ಮುಚ್ಚಿಕೊಂಡವು. ಒಂದು ಕಟ್ಟೂ ಹೋಗಲಿಲ್ಲ. ಮೂರು ದಿನ ಹೀಗೇ ನಡೆಯಿತು. ಮೂರನೆಯ ದಿನ ಬಾಡಿದ ಬುಟ್ಟಿ ಹೊತ್ತು ಬಂದವಳನ್ನು ನೋಡಿ ತಿಮ್ಮರಾಯಿ ಎದ್ದ. ಬ್ರಷ್ಷು, ಬಣ್ಣದ ಟ್ಯೂಬು, ಅಗಸೆ ಎಣ್ಣೆ ಚೀಲಕ್ಕೆ ತುಂಬಿಕೊಂಡು ಚಿಕ್ಕಬೈರಪ್ಪನಲ್ಲಿಗೆ ಹೋಗಿ ಹೇಳಿದ: ಅಮ್ಮ ಬೀದಿಗೆ ಬರ್ತಾಳೆ. ಗೋಡೆ ಯಾರಿಗೆ ಬೇಕೋ ಕೊಡಿ. ನಮ್ಮಮ್ಮನ್ನ ಮಾತ್ರ ಐದು ಮನೆಯಿಂದ್ಲೂ ನಾನು ಬಿಡಿಸ್ಕೊಂಡು ಹೋಗ್ತೀನಿ, ಮುಖ ಬದಲಾಯಿಸಿ ಕೊಡ್ತೀನಿ.

ನಾಲ್ಕು ಮನೆಯಲ್ಲಿ ಕೆಲಸ ಸಲೀಸಾಯಿತು. ಯಾವ ಮುಖ ಎಂದು ಕೇಳಿದ. ಒಬ್ಬ ಬಟ್ಟೆ ಅಂಗಡಿಯ ಕ್ಯಾಲೆಂಡರ್ ತಂದು ತೋರಿಸಿದ. ಉಳಿದ ಮೂವರು ಆ ಮನೆಯ ಹೊಸ ತಾಯಿಯನ್ನು ನೋಡಿ ಬಂದು, ತಮಗೂ ಅವಳೇ ಇರಲಿ ಎಂದರು. ದುಂಡು ಮುಖ, ಹಾಲಿನ ಬಣ್ಣ, ಇಪ್ಪತ್ತೈದರ ಮೇಲೆ ಒಂದು ದಿನ ವಯಸ್ಸಿಲ್ಲ. ಐವತ್ತು ದಾಟಿದ ಮಕ್ಕಳು ಅವಳಿಗೆ ಕೈ ಮುಗಿದು, ಈಗ ನೋಡು ನಮ್ಮವ್ವನ ಕಳೆ ಬಂತು ಎಂದರು. ತಿಮ್ಮರಾಯಿ ಆ ನಾಲ್ಕರ ಕೆಳಗೆ ಹೆಸರು ಹಾಕಬೇಕೆಂದು ಕೇಳಲೇ ಇಲ್ಲ.

ಐದನೆಯದು ಚಿಕ್ಕಬೈರಪ್ಪನ ಮನೆ. ಅಂದು ಮುನಿವೆಂಕಟಮ್ಮನೂ ಜೊತೆಗೆ ಬಂದು ಹೊಸ್ತಿಲ ಹೊರಗೆ ಕೂತಳು. ಚಿಕ್ಕಬೈರಪ್ಪ ಅವಳ ಕಡೆ ನೋಡದೆ, ಕ್ಯಾಲೆಂಡರಿನ ಮುಖವನ್ನೇ ಬರೆಯಲು ತಿಮ್ಮರಾಯಿಗೆ ಹೇಳಿದ. ತಿಮ್ಮರಾಯಿ ಬಿಳಿ ಬಣ್ಣ ಕಲಸಿ ತಾಯಿಯ ಮುಖದ ಮೇಲೆ ಒಂದು ಎಳೆ ಎಳೆದ. ನಿಲ್ಲಿಸಿದ. ಹಿಂದೆ ತಿರುಗಿ, ಆಡಬೇಡ ಎಂದು ತಾನು ತಡೆದಿದ್ದ ಮಾತನ್ನು ಈಗ ಕೇಳಿದ.

"ಅಮ್ಮ, ಅಕ್ಕಯಮ್ಮ ಹೆಂಗಿದ್ಲು?"

"ಅವನ್ನ ಕೇಳು."

"ನಂಗೆ ನೆನಪಿಲ್ಲ" ಎಂದ ಚಿಕ್ಕಬೈರಪ್ಪ.

"ಮೈಮೇಲೆ ಅಮ್ಮ ಬಂದು ಹೋಗಿದ್ಲು ಅವಳಿಗೆ, ಸಣ್ಣೋಳಿದ್ದಾಗ" ಎಂದಳು ಮುನಿವೆಂಕಟಮ್ಮ, ಚಿಕ್ಕಬೈರಪ್ಪನ ಕಡೆ ತಿರುಗಿ. "ಮುಖವೆಲ್ಲ ಸಿಡುಬಿನ ಕಲೆ. ಎಡಗಣ್ಣಿಗೆ ಹೂ ಬಿದ್ದಿತ್ತು, ಆ ಕಡೆ ಕಾಣ್ತಿರ್ಲಿಲ್ಲ. ನಿನ್ನಷ್ಟೇ ಕಪ್ಪು. ಚಿನ್ನ ಅಂತ ಮೈಮೇಲೆ ಗುಲಗಂಜಿಯಷ್ಟೂ ಇರ್ಲಿಲ್ಲ."

ಒಳಗೆ ನಾರಾಯಣಮ್ಮ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು.

"ಚಿಕ್ಕಬೈರ, ನೀನು ಯಾವಾಗ್ಲೂ ಅವಳ ಬಲಗಡೆಯಿಂದ್ಲೇ ಓಡಿ ಬತ್ತಿದ್ದೆ. ಎಡಗಡೆಯಿಂದ ಬಂದ್ರೆ ನಮ್ಮವ್ವಂಗೆ ಕಾಣಲ್ಲ ಅಂತ, ಗದ್ದೆ ಬದು ಪೂರ್ತಿ ಸುತ್ತು ಹಾಕ್ಕಂಡು ಬತ್ತಿದ್ದೆ. ನಾವೆಲ್ಲ ನಗ್ತಿದ್ವು."

ಚಿಕ್ಕಬೈರಪ್ಪ ಸೋಫಾ ಬಿಟ್ಟು ನೆಲದ ಮೇಲೆ ಕೂತ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋಗಿ ಬೀದಿ ಬಾಗಿಲು ಮುಚ್ಚಿ ಅಗಳಿ ಹಾಕಿದ. ಮುನಿವೆಂಕಟಮ್ಮ ಹೊಸ್ತಿಲ ಹೊರಗೆ ಇದ್ದವಳು ಅವನು ಮುಚ್ಚುವಾಗ ಒಳಗೇ ಬಂದಿದ್ದಳು. ಅವನು ಬೇಡ ಎನ್ನಲಿಲ್ಲ.

ತಿಮ್ಮರಾಯಿ ಎರಡು ದಿನ ಬರೆದ. ಬಿಳಿ ಒರೆಸಿ ಕಪ್ಪು ಕಲಸಿದ. ಕಲೆಗಳನ್ನು ಒಂದೊಂದಾಗಿ ಇಟ್ಟ. ಅಡ್ಡಿಗೆ ಅಳಿಸಿದ, ಓಲೆ ಅಳಿಸಿದ, ರೇಷ್ಮೆಯನ್ನು ನೂಲು ಮಾಡಿದ. ಕಡೆಗೆ ಎಡಗಣ್ಣಿನೊಳಗೆ ಬೂದಿ ಬಣ್ಣದ ಒಂದು ಚುಕ್ಕೆ. ಮುನಿವೆಂಕಟಮ್ಮ ಕೂತಲ್ಲಿಂದಲೇ ಹುಬ್ಬು ಇನ್ನೂ ಕೆಳಗೆ, ತುಟಿ ಇನ್ನೂ ದಪ್ಪ ಎನ್ನುತ್ತಿದ್ದಳು. ಮಗ ಅವಳು ಹೇಳಿದಂತೆ ಬರೆಯುತ್ತಿದ್ದ. ಚಿಕ್ಕಬೈರಪ್ಪ ಎರಡೂ ದಿನ ಊಟಕ್ಕೂ ಏಳದೆ ಚಿತ್ರದ ಬಲಗಡೆಗೆ ಸರಿದು ಕೂತಿದ್ದ.

ಮುಗಿದ ಮೇಲೆ ಅವನು ಹೆಂಡತಿಯನ್ನು ಕರೆದು, ಇದು ಹಾಲಿಗೆ ಬೇಡ, ಒಳಗಿನ ಕೋಣೆಯಲ್ಲಿ ಕಣಜದ ಮೇಲೆ ಹಾಕಿಸು ಎಂದ. ಹಾಲಿಗೆ ಕ್ಯಾಲೆಂಡರಿನದನ್ನೇ ಬೇರೆಯವರ ಹತ್ತಿರ ಬರೆಸುತ್ತೇನೆ, ಛತ್ರದ ಗೋಡೆಯನ್ನೂ ಅವರಿಗೇ ಒಪ್ಪಿಸಿದ್ದೇನೆ ಎಂದು ತಿಮ್ಮರಾಯಿಗೆ ತಿಳಿಸಿದ. ಕೋಪವೇನೂ ಇರಲಿಲ್ಲ, ಲೆಕ್ಕ ಹೇಳಿದಂತೆ ಹೇಳಿದ.

ತಿಮ್ಮರಾಯಿ ಬ್ರಷ್ಷು ಒರೆಸಿ ಚೀಲ ಕಟ್ಟಿಕೊಂಡ.

"ಎಲ್ಗೋಯ್ತೀಯ? ಹೆಸರು ಹಾಕು" ಎಂದ ಚಿಕ್ಕಬೈರಪ್ಪ.

ತಿಮ್ಮರಾಯಿ ತಾನು ಕೇಳಿಸಿಕೊಂಡದ್ದು ಸರಿಯೋ ತಪ್ಪೋ ಎಂದು ತಿರುಗಿದ.

"ನಾಳೆ ಬೀಗರು ಪಾಗರು ಒಳಗೆ ಹೋಗಿ ನೋಡ್ತಾರೆ. ಇದ್ಯಾರು, ಒಕ್ಕಣ್ಣಿ, ಕೂಲಿಯವಳ ಥರ ಅಂತಾರೆ. ಇದು ನಾನು ಬರ್ಸಿದ್ದಲ್ಲ, ತಿಮ್ಮರಾಯಿ ಅಂತ ನಮ್ಮೂರ ಹುಡುಗ, ತಲೆ ಸರಿಯಿಲ್ಲ, ಅವನೇ ಬರ್ದಿದ್ದು ಅಂತ ತೋರಿಸ್ಬೇಕಲ್ಲ. ಹಾಕು."

ತಿಮ್ಮರಾಯಿ ಚೀಲ ಬಿಚ್ಚಿ, ಸಣ್ಣ ಬ್ರಷ್ಷು ತೆಗೆದು, ಬಲಗಡೆ ಮೂಲೆಯಲ್ಲಿ ತಿ ಬರೆದ.

"ಪೂರ್ತಿ ಬರಿ. ಬಾಗಿಲ ತಾವ ನಿಂತೋರಿಗೂ ಕಾಣ್ಬೇಕು."

ತಿಮ್ಮರಾಯಪ್ಪ ಎಂದು ಪೂರ್ತಿ ಬರೆದ. ಮುನಿವೆಂಕಟಮ್ಮನಿಗೆ ಓದು ಬರುತ್ತಿರಲಿಲ್ಲ. ಅವನು ಬ್ರಷ್ಷು ಎತ್ತುವ ತನಕ ಕಾದು, ಏನು ಬರೆದೆ ಎಂದು ಕೇಳಿದಳು. ಅವನು ಓದಿ ಹೇಳಿದ.